ಕೊನೆಯ ಎರಡು ಪಿರಿಯಡ್

ಮೊನ್ನೆ ಗದಗ-ಬೆಟಗೇರಿ ಪೇಟೆಯಲ್ಲಿ ಒಂದು ನೋಟುಬುಕ್ಕು ಕೊಂಡೆ. ಇನ್ನೂರು ಪುಟದ್ದು, ಗಟ್ಟಿ ರಟ್ಟಿನದು. ಅಂಗಡಿಯಾಕೆ ಕೇಳಿದಳು, “ಯಾವ ಕ್ಲಾಸ್‌ರೀ ಅಜ್ಜಾರ?”

“ಹತ್ತನೆತ್ತೆ.”

“ಹುಡುಗಗೋ ಹುಡುಗಿಗೋ? ಹುಡುಗಿಗಾದ್ರ ಹೂವಿನ ರಟ್ಟಿಂದು ಐತಿ.”

“ನನಗಬೇ.”

ಆಕೆ ನನ್ನ ಬಿಳಿ ಮೀಸೆಯನ್ನೊಮ್ಮೆ, ಕೈಯಲ್ಲಿದ್ದ ಕೋಲನ್ನೊಮ್ಮೆ ನೋಡಿದಳು. ನಗು ತಡೆದುಕೊಂಡು, “ಹಂಗಾದ್ರ ಕ್ರಿಕೆಟ್ ಚಿತ್ರದ್ದು ತಗೋರಿ” ಎಂದಳು. ಹೀಗಾಗಿ ಈಗ ನನ್ನ ನೋಟುಬುಕ್ಕಿನ ಮೇಲೆ ಒಬ್ಬ ತರುಣ ಬ್ಯಾಟು ಬೀಸುತ್ತ ನಿಂತಿದ್ದಾನೆ. ಒಳಗೆ ನನ್ನ ಕಾಗೆ ಕಾಲಿನ ಅಕ್ಷರಗಳಲ್ಲಿ ವಿಜ್ಞಾನವೂ ಸಮಾಜವೂ ತುಂಬುತ್ತಿವೆ.

ಎಪ್ಪತ್ತೆರಡನೆಯ ವಯಸ್ಸಿಗೆ ಇದೇನು ಹುಚ್ಚು ಎಂದು ನೀವೂ ಕೇಳುತ್ತೀರಿ. ಹೇಳುತ್ತೇನೆ. ಆದರೆ ಹೇಳುವುದರಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಅದಕ್ಕೆ ಸ್ವಲ್ಪ ಸುತ್ತುಹಾಕಿ ಬರುತ್ತೇನೆ. ನೆಟ್ಟಗೆ ಬಂದುಬಿಟ್ಟರೆ ನನಗೇ ನಾಚಿಕೆ.

ನನ್ನ ಮೊಮ್ಮಗಳು ಅಕ್ಷತಾ ಹತ್ತನೆತ್ತೆಯಲ್ಲಿದ್ದಾಳೆ. ಅವಳಿಗೆ ಶಾಲೆಯಲ್ಲಿ ಒಬ್ಬ ಟೀಚರು ಒಂದು ರೂಢಿ ಹಚ್ಚಿದ್ದಾರೆ. ದಿನಾ ಸಂಜೆ ಪುಸ್ತಕ ಮುಚ್ಚಿಟ್ಟು, ಅಂದು ಕಲಿತದ್ದನ್ನು ಒಂದೊಂದೇ ವಿಷಯವಾಗಿ ಬಾಯಿಬಿಟ್ಟು ಯಾರಿಗಾದರೂ ಹೇಳಬೇಕಂತೆ. ಎಲ್ಲಿ ನಾಲಿಗೆ ತೊದಲುತ್ತದೋ ಅಲ್ಲಿ ಪುಸ್ತಕ ತೆರೆಯಬೇಕಂತೆ. ರೂಢಿಯೇನೋ ಒಳ್ಳೆಯದು. ಆದರೆ ಆರು ವಿಷಯ ಕೇಳುವವರು ಯಾರು? ಮಗ ಅಂಗಡಿಯಲ್ಲಿ, ಸೊಸೆಗೆ ಸಂಜೆಯ ಹೊತ್ತು ಸೀರೆಯ ಸೆರಗಿಗೆ ಗೊಂಡೆ ಕಟ್ಟುವ ಕೆಲಸ. ಹುಡುಗಿ ತಾನೇ ಹಂಚಿಕೆ ಮಾಡಿಕೊಂಡಳು. ಗಣಿತವನ್ನು ಗೋಡೆಯ ಕ್ಯಾಲೆಂಡರಿಗೆ ಹೇಳುತ್ತಾಳೆ. ಕನ್ನಡವೂ ಇಂಗ್ಲಿಷೂ ಕನ್ನಡಿಗೆ. ಹಿಂದಿಯನ್ನು ಓಣಿಯ ಬೆಕ್ಕಿಗೆ. ಅದು ಕಣ್ಣು ಮುಚ್ಚಿ ಕೇಳುತ್ತದೆ. ವಿಜ್ಞಾನ ಮತ್ತು ಸಮಾಜ ನನ್ನ ಪಾಲಿಗೆ ಬಂದವು.

“ಅಜ್ಜಾ, ನೀವು ಏನೂ ತಿಳ್ಕೊಳ್ಳೂದು ಬ್ಯಾಡ. ಸುಮ್ನ ಕುಂತು ಹೂಂ ಅನ್ರಿ. ಗ್ವಾಡಿ ಹೂಂ ಅನ್ನಂಗಿಲ್ಲ, ಅದಕ್ಕ ನಿಮ್ಮನ್ನ ಕರದೇನಿ.”

ಗೋಡೆಗಿಂತ ಒಂದು ದರ್ಜೆ ಮೇಲಿನ ಹುದ್ದೆ. ಒಪ್ಪಿಕೊಂಡೆ. ಮೂವತ್ತು ಚಿಲ್ಲರೆ ವರ್ಷ ಶಿರಹಟ್ಟಿಯಲ್ಲಿ ಮನೆಮನೆಗೆ ಟಪಾಲು ಹಂಚಿದವನಿಗೆ ಕೂತು ಮಾಡುವ ಕೆಲಸ ಸಿಕ್ಕಿದ್ದೇ ಪುಣ್ಯ. ದಿನಾ ಸಂಜೆ ಅವಳು ನಡುಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಹೇಳುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಓಣಿಯಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಿದ್ದವು. ಆ ಸದ್ದಿನ ಒಳಗೆ ನನಗೆ ಮಾತ್ರ ಇನ್ನೊಂದು ಸದ್ದು ಕೇಳುತ್ತಿತ್ತು. ಜೋಳದ ರೊಟ್ಟಿ ಬಡಿಯುವ ಸದ್ದು. ತಪ್, ತಪ್, ತಪ್.

ಅದು ಕೊರ್ಲಹಳ್ಳಿಯ ನಮ್ಮ ಮನೆಯ ಸದ್ದು, ನನ್ನ ತಂಗಿ ಪಾರವ್ವನ ಕೈಯದು.

ಪಾರವ್ವ ನನಗಿಂತ ಒಂದು ವರ್ಷ ಸಣ್ಣವಳು. ನಾನು ಐದನೆತ್ತೆಯಲ್ಲಿ ಮಾಸ್ತರರ ಮೇಲಿನ ಪ್ರೀತಿಯಿಂದ ಎರಡು ವರ್ಷ ಕೂತದ್ದರಿಂದ ಅವಳು ಬಂದು ನನ್ನನ್ನು ಹಿಡಿದಳು. ಅಲ್ಲಿಂದ ಏಳನೆತ್ತೆಯವರೆಗೆ ಇಬ್ಬರೂ ಒಂದೇ ಕ್ಲಾಸು. ಅವಳು ಮೊದಲನೆಯವಳು, ನನ್ನ ನಂಬರು ಕೇಳಬೇಡಿ. ಏಳನೆತ್ತೆ ಮುಗಿಯಿತು. ಮುಂದಿನದಕ್ಕೆ ಮುಂಡರಗಿಗೆ ಹೋಗಬೇಕು. ದಿನಾ ಬಸ್ಸಿನಲ್ಲಿ ಹೆಣ್ಣುಹುಡುಗಿಯನ್ನು ಕಳಿಸುವ ಮಾತೇ ಮನೆಯಲ್ಲಿ ಏಳಲಿಲ್ಲ. ಪಾರವ್ವ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಅವ್ವ ಒಂದು ತೀರ್ಪು ಕೊಟ್ಟಳು.

“ಅಣ್ಣ ಹೋಗ್ತಾನ, ಕಲೀತಾನ, ಸಂಜಿಗೆ ಬಂದು ನಿನಗ ಹೇಳ್ತಾನ. ಅವ ಅಲ್ಲಿ ಕಲ್ತದ್ದು ನೀ ಇಲ್ಲಿ ಕಲ್ತಂಗಾತಿಲ್ಲೊ? ಏಳು, ಉಣ್ಣು.”

ಪಾರವ್ವ ಎದ್ದು ಉಂಡಳು. ನನ್ನ ಕಡೆ ತಿರುಗಿ, “ಒಂದೂ ಬಿಡಬಾರದು ನೋಡಣ್ಣಾ. ಎಲ್ಲಾ ಪಿರಿಯಡ್ ಹೇಳಬೇಕು” ಅಂದಳು. ನಾನು ಆಣೆ ಮಾಡಿದೆ. ಆ ಹೊತ್ತಿಗೆ ಅದು ಖರೆ ಆಣೆಯೇ.

ದಿನಾ ಸಂಜೆ ಅವಳು ಒಲೆಯ ಮುಂದೆ ರೊಟ್ಟಿ ಬಡಿಯಲು ಕೂರುವಳು. ನಾನು ಕಂಬಕ್ಕೆ ಒರಗಿ ಕೂತು ಅಂದಿನ ಪಾಠ ಒಪ್ಪಿಸುವೆ. ಕೈ ತಪ್ ತಪ್ ಎನ್ನುತ್ತಿದ್ದರೆ ಪಾಠ ಅವಳೊಳಗೆ ಇಳಿಯುತ್ತಿದೆ ಎಂದು ಅರ್ಥ. ಸದ್ದು ನಿಂತರೆ ಪ್ರಶ್ನೆ ಬಂತು ಎಂದು ಅರ್ಥ. ಬೀಜಗಣಿತ ಹೇಳುವಾಗ ಸದ್ದು ಬಹಳ ಸಲ ನಿಲ್ಲುತ್ತಿತ್ತು. ಮಾಸ್ತರರು ಹೇಳಿದ್ದನ್ನು ನಾನು ಗಿಳಿಯಂತೆ ಹೇಳುವೆ. ಅವಳು ಹಿಟ್ಟಿನ ಕೈಯಲ್ಲೇ ನೆಲದ ಮೇಲೆ ಬರೆದು ಬಿಡಿಸಿ ನನಗೇ ತಿರುಗಿ ತಿಳಿಸುವಳು. ಈ ಮಾತು ನೆನಪಿಟ್ಟುಕೊಳ್ಳಿ. ಗಣಿತದಲ್ಲಿ ನಾನು ಪಾಸಾದದ್ದು ಒಲೆಯ ಮುಂದಿನ ನೆಲದಿಂದ.

ರೊಟ್ಟಿ ಮುಗಿದ ಮೇಲೆ ಅವಳು ಕಂದೀಲು ಹತ್ತಿರ ಎಳೆದುಕೊಂಡು, ನನ್ನ ಹಳೆಯ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು ದಬ್ಬಣದಿಂದ ಹೊಲಿದುಕೊಂಡ ಒಂದು ವಹಿಯಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದಳು. ಅಕ್ಷರ ಮುತ್ತು.

ಇನ್ನು ಬಸ್ಸಿನ ವಿಷಯ. ನಮ್ಮೂರ ಕಡೆಗೆ ಸಂಜೆ ಒಂದೇ ಬಸ್ಸು. ಅದು ಮುಂಡರಗಿ ಬಿಡುತ್ತಿದ್ದದ್ದು ನಾಲ್ಕಕ್ಕೆ. ಶಾಲೆ ಬಿಡುತ್ತಿದ್ದದ್ದು ಐದೂವರೆಗೆ. ಹಳ್ಳಿಯ ಹುಡುಗರು ನಾಲ್ಕಕ್ಕೆ ಸ್ವಲ್ಪ ಮುಂಚೆ ಎದ್ದು ಹೋಗಬಹುದು ಎಂದು ಹೆಡ್‌ಮಾಸ್ತರರು ಅಪ್ಪಣೆ ಕೊಟ್ಟಿದ್ದರು. ಆದ್ದರಿಂದ ದಿನಾ ಕೊನೆಯ ಎರಡು ಪಿರಿಯಡ್ ನಮಗೆ ಇಲ್ಲ. ಒಂದು ವಿಜ್ಞಾನ, ಇನ್ನೊಂದು ಇತಿಹಾಸ ಇಲ್ಲವೆ ಭೂಗೋಳ. ಆ ಇಬ್ಬರೂ ಮಾಸ್ತರರು ಬಹಳ ಶಿಸ್ತಿನವರು. ದಿನದ ಪಾಠದ ತಲೆಬರಹಗಳನ್ನು ಊಟದ ಬಿಡುವಿನಲ್ಲೇ ಬಂದು ಹಲಗೆಯ ಮೂಲೆಯಲ್ಲಿ ಬರೆದಿಟ್ಟು ಹೋಗುತ್ತಿದ್ದರು. ನಾನು ಚೀಲ ಹೆಗಲಿಗೇರಿಸುತ್ತ ಅವನ್ನು ಓದಿಕೊಳ್ಳುವೆ. ಅಂದರೆ ತಲೆಬರಹ ನನ್ನದು, ಪಾಠ ಮುಂಡರಗಿ ಹುಡುಗರದು.

ಪುಸ್ತಕ ಇರಲಿಲ್ಲವೇ ಅಂತೀರಿ. ಅದೇ ಬಸ್ಸಿಗೆ ಬರುವ ಹಮ್ಮಿಗಿಯ ಇಬ್ಬರು ಹುಡುಗರು ಮತ್ತು ನಾನು, ಮೂವರಿಗೆ ಸೇರಿ ಒಂದು ಸೆಟ್ಟು. ಕನ್ನಡ, ಗಣಿತ ನನ್ನ ಕಡೆ. ವಿಜ್ಞಾನ, ಸಮಾಜ ಅವರ ಕಡೆ. ಇಸಿದುಕೊಂಡು ಬಸ್ಸಿನಲ್ಲಾದರೂ ಓದಬಹುದಿತ್ತು. ಆದರೆ ಬಸ್ಸಿನಲ್ಲಿ ಕಿಟಕಿ ಇತ್ತು. ಕಿಟಕಿಯ ಆಚೆ ಕುಸುಬೆ ಹೊಲ, ಮೂಲೆಯಲ್ಲಿ ಕಪ್ಪತಗುಡ್ಡ, ಕೆನ್ನೆಗೆ ಗಾಳಿ. ಆ ವಯಸ್ಸಿಗೆ ಅದು ಯಾವ ಪಠ್ಯಕ್ಕೂ ಕಡಿಮೆಯಲ್ಲ ಎಂದು ಅನಿಸಿತ್ತು. ಈಗಲೂ ಅನಿಸುತ್ತದೆ. ನನ್ನ ಪಶ್ಚಾತ್ತಾಪ ಎಷ್ಟು ಗಟ್ಟಿ ಎಂಬುದನ್ನು ಇದರಿಂದಲೇ ಅಳೆಯಿರಿ.

ಮೊದಲನೆಯ ದಿನ ಪಾರವ್ವ ಕೇಳಿದಳು, “ವಿಜ್ಞಾನದಾಗ ಏನಾತು?”

ಅವ್ವ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಮಗ ದೊಡ್ಡ ಶಾಲೆಯಿಂದ ಏನು ತಂದ ಎಂದು ಅವಳ ಕಿವಿಯೂ ಈ ಕಡೆಗೇ. ಕೊನೆಯ ಪಿರಿಯಡ್ ನಾನು ಕೂರಲಿಲ್ಲ, ನನಗೆ ಗೊತ್ತಿಲ್ಲ, ಎಂದರೆ ಮುಗಿಯುತ್ತಿತ್ತು. ಆದರೆ ಮನೆಯಲ್ಲಿ ಒಬ್ಬನೇ ಹೈಸ್ಕೂಲಿನವನು ಎಂಬ ಗತ್ತು ಕೊರಳಲ್ಲಿ ಸಿಕ್ಕಿಕೊಂಡಿತು. “ಹೃದಯ ಅಂತ ಆತು” ಅಂದೆ.

“ಅದರಾಗೇನಂತ?”

ನಾನು ಸುತ್ತ ನೋಡಿದೆ. ನಮ್ಮ ಮನೆ ಕಾಣಿಸಿತು. “ಹೃದಯದಾಗ ಮೂರು ಖೋಲಿ ಇರ್ತಾವ. ಪಡಸಾಲಿ, ಅಡಿಗಿಮನಿ, ದೇವರಮನಿ ಇದ್ದಂಗ. ರಕ್ತ ಮೊದಲ ಪಡಸಾಲ್ಯಾಗ ಬಂದು ಕುಂಡ್ರತೈತಿ. ಆಮ್ಯಾಲೆ ಅಡಿಗಿಮನ್ಯಾಗ ಬಿಸಿ ಆಗತೈತಿ. ದೇವರಮನ್ಯಾಗ ಶುದ್ಧ ಆಗಿ ಹೊರಗ ಹೋಗತೈತಿ.”

ರೊಟ್ಟಿಯ ಸದ್ದು ನಿಲ್ಲಲೇ ಇಲ್ಲ. ತಪ್, ತಪ್. ಅಷ್ಟು ಸಲೀಸಾಗಿ ಇಳಿದು ಹೋಯಿತು. ಖರೆ ಪಾಠಕ್ಕೆ ಹತ್ತು ಪ್ರಶ್ನೆ ಕೇಳುವವಳು ಈ ಪಾಠಕ್ಕೆ ಒಂದೂ ಕೇಳಲಿಲ್ಲ. ನನಗೆ ರುಚಿ ಹತ್ತಿತು.

ಅಲ್ಲಿಂದ ಮೂರು ವರ್ಷ ನಾನು ಇಡೀ ಪ್ರಪಂಚವನ್ನು ಕೊರ್ಲಹಳ್ಳಿಯ ಸಾಮಾನಿನಿಂದ ಕಟ್ಟಿದೆ. ಹಲಗೆಯ ಮೇಲೆ ‘ಮಾರುತಗಳು’ ಎಂದಿದ್ದರೆ, ಮಳೆಗಾಳಿ ಹುಟ್ಟುವುದು ಕಪ್ಪತಗುಡ್ಡದ ಗವಿಗಳಲ್ಲಿ, ಅದು ಆರು ತಿಂಗಳು ಮಲಗಿ ಆರು ತಿಂಗಳು ಏಳುತ್ತದೆ ಎಂದೆ. ‘ಜೀರ್ಣಕ್ರಿಯೆ’ ಎಂದಿದ್ದರೆ, ಹೊಟ್ಟೆಯೊಳಗೆ ಬೀಸುವ ಕಲ್ಲಿನಂಥದೊಂದು ತಿರುಗುತ್ತದೆ, ಬಲಗೈಯಲ್ಲಿ ಉಣ್ಣುವವರದು ಬಲಕ್ಕೆ, ಎಡಚರದು ಎಡಕ್ಕೆ ಎಂದೆ. ಇದು ಎಂಥ ಅನಾಹುತಕ್ಕೆ ದಾರಿಯಾಯಿತು ನೋಡಿ. ಮುಂದೆ ಪಾರವ್ವನಿಗೆ ಸಿಕ್ಕ ಗಂಡ ಎಡಚ. ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರ ಮಾಡುವ ಮನೆತನದವರು, ಬಹಳ ಸಾತ್ವಿಕರು. ಅವರು ಬದುಕಿರುವವರೆಗೂ ಊಟವಾದ ಮೇಲೆ ಪಾರವ್ವ ಅವರನ್ನು ಎಡಮಗ್ಗುಲಿಗೇ ಮಲಗಿಸಿದಳು. ಕಲ್ಲು ಸರಾಗ ತಿರುಗಲಿ ಎಂದು.

ಆದರೆ ನನ್ನ ಕೈ ನಿಜವಾಗಿ ಪಳಗಿದ್ದು ಇತಿಹಾಸದಲ್ಲಿ. ಒಂದು ದಿನ ಹಲಗೆಯ ಮೇಲೆ ‘ದಕ್ಷಿಣದ ರಾಜ್ಯಗಳು’ ಎಂದಿತ್ತು. ಬಸ್‌ಸ್ಟ್ಯಾಂಡಿನ ಎದುರು ಒಂದು ಸೀರೆ ಅಂಗಡಿಯ ಬೋರ್ಡಿನಲ್ಲಿ ‘ಕಾಂಚನಾ’ ಎಂದಿತ್ತು. ಎರಡೂ ಸೇರಿ ರಾಣಿ ಕಾಂಚನಾದೇವಿ ಹುಟ್ಟಿದಳು. ತುಂಗಭದ್ರೆಯ ದಂಡೆಯಲ್ಲಿ ಅವಳ ಕೋಟೆ. ಗಂಡ ಸತ್ತ ಮೇಲೆ ರಾಜ್ಯ ನಡೆಸಿದಳು. ಆಚೆ ದಂಡೆಗೆ ಶತ್ರು ಬಂದು ನಿಂತಾಗ ಇವಳ ಹತ್ತಿರ ಸೈನ್ಯವಿರಲಿಲ್ಲ. ಸಂಜೆ ಊರಿನ ಹೆಂಗಸರನ್ನೆಲ್ಲ ಕರೆದು ನೂರು ಹರಿಗೋಲಿನಲ್ಲಿ ಒಂದೊಂದು ದೀಪ ಹಚ್ಚಿ ಹೊಳೆಗೆ ಬಿಟ್ಟಳು. ದೊಡ್ಡ ಸೈನ್ಯವೇ ಬರುತ್ತಿದೆ ಎಂದು ಶತ್ರು ಓಡಿದ.

ಅಂದು ರೊಟ್ಟಿಯ ಸದ್ದು ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡೆ. ಪಾರವ್ವನ ಕೈಯಲ್ಲಿ ಅರ್ಧ ಬಡಿದ ರೊಟ್ಟಿ, ಕಣ್ಣು ನನ್ನ ಮೇಲೆ. “ಆಮ್ಯಾಲೆ?” ಅಂದಳು. ಹೆಂಚಿನ ಮೇಲಿನ ರೊಟ್ಟಿ ಕರಕಲಾಗುವುದನ್ನು ಅವಳು ನೋಡಲಿಲ್ಲ.

ಆ ‘ಆಮ್ಯಾಲೆ’ಗೆ ನಾನು ಎರಡು ತಿಂಗಳು ದುಡಿದೆ. ಮುಂಡರಗಿಯ ಶಾಲೆಯಲ್ಲಿ ದಕ್ಷಿಣದ ರಾಜ್ಯಗಳು ಮುಗಿದು ಯುರೋಪಿಗೆ ಹೋದರೂ ನಮ್ಮ ಒಲೆಯ ಮುಂದೆ ಕಾಂಚನಾದೇವಿ ಕೆರೆ ಕಟ್ಟಿಸುತ್ತಲೇ ಇದ್ದಳು.

ಎಸ್ಸೆಸ್ಸೆಲ್ಸಿಯಲ್ಲಿ ನಾನು ವಿಜ್ಞಾನದಲ್ಲಿ ಗೋತಾ ಹೊಡೆದೆ. ಸಮಾಜದಲ್ಲಿ ಹೇಗೋ ದಡ ಮುಟ್ಟಿದೆ. ಗಣಿತದಲ್ಲಿ ಮಾತ್ರ ಹಳ್ಳಿಯವರೆಲ್ಲ ಬೆರಗಾಗುವಂಥ ಅಂಕ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ಪಾರವ್ವ. ನನ್ನ ಮೇಲಲ್ಲ. “ತಿದ್ದಿದವ್ರು ತಪ್ಪು ಮಾಡ್ಯಾರ. ಅಣ್ಣಗ ವಿಜ್ಞಾನ ಬರೂದಿಲ್ಲಂದ್ರ ಯಾರಿಗೆ ಬರತೈತಿ? ಅಪ್ಪಾ, ನೀ ಹೋಗಿ ಕೇಳು!” ಅಪ್ಪ ಪಂಚೆ ಉಟ್ಟು ಹೊರಟೇಬಿಟ್ಟಿದ್ದ. ಹೊಟ್ಟೆನೋವು ಎಂದು ನೆಲಕ್ಕೆ ಬಿದ್ದು ನಾನು ತಡೆದೆ. ಮರುವರ್ಷ ಹಮ್ಮಿಗಿಯವರ ಪುಸ್ತಕ ತಂದು ಕದ್ದು ಓದಿ ಪಾಸಾದೆ. ಆಗಲೇ ತಿಳಿದದ್ದು, ಹೃದಯದಲ್ಲಿ ನಾಲ್ಕು ಕೋಣೆ ಎಂದು. ಅಷ್ಟರಲ್ಲಿ ಪಾರವ್ವನ ಮದುವೆ ಗೊತ್ತಾಗಿತ್ತು. ಅವಳು ಕೈಗೆ ಅರಿಷಿಣ ಹಚ್ಚಿಕೊಂಡು ಕೂತಾಗ, ತಂಗೀ, ಹೃದಯದ ಲೆಕ್ಕ ಒಂದು ತಪ್ಪಿದೆ ಎಂದು ಹೇಗೆ ಹೇಳಲಿ? ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲು ಐವತ್ತು ವರ್ಷ ಹಿಡಿಯಿತು.

ಪಾರವ್ವ ಲಕ್ಷ್ಮೇಶ್ವರದಲ್ಲಿ ದೊಡ್ಡ ಹೆಸರು ಮಾಡಿದಳು. ಸಂಜೆ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತರೆ ಓಣಿಯ ಮಕ್ಕಳು ಸುತ್ತ ಸೇರುತ್ತಾರೆ. ಮಗ್ಗಿ, ಭಿನ್ನರಾಶಿ, ಸಮೀಕರಣ. ಏಳನೆತ್ತೆ ಮುಗಿಸಿದ ಮುದುಕಿ ಹತ್ತನೆತ್ತೆಯ ಲೆಕ್ಕ ಬಿಡಿಸುತ್ತಾಳೆ ಎಂದು ಜನಕ್ಕೆ ಸೋಜಿಗ. “ನಾನೂ ಹೈಸ್ಕೂಲ್ ಕಲ್ತೇನಿ. ಮನ್ಯಾಗ ಕುಂತು ಕಲ್ತೇನಿ. ನಮ್ಮಣ್ಣ ದಿನಾ ಹೊತ್ಕೊಂಡು ಬರತಿದ್ದ” ಎಂದು ಅವಳು ಹೇಳುತ್ತಾಳಂತೆ. ಮಕ್ಕಳು ಅವಳ ಹತ್ತಿರ ಲೆಕ್ಕವಷ್ಟೇ ಕೇಳುವುದರಿಂದ ನನ್ನ ಮಾಲು ಹೊರಗೆ ಬರಲಿಲ್ಲ. ಅವಳ ಒಬ್ಬಳೇ ಮಗಳು ಶಾಲೆಯ ಮಾತನ್ನು ಮನೆಯಲ್ಲಿ ಎತ್ತಿದವಳಲ್ಲ. ಅವಳಿಗೆ ಹೊಲಿಗೆಯೇ ಪ್ರಾಣ. ಆ ಮಗಳ ಹೆಸರು ಹೇಳಲೇಬೇಕು. ಕಾಂಚನಾ. ತೊಟ್ಟಿಲಿಗೆ ಹಾಕಿದ ದಿನ ಪಾರವ್ವ ಕೂಸಿನ ಕಿವಿಯಲ್ಲಿ ಹೆಸರು ಉಸುರಿ ನನ್ನ ಕಡೆ ನೋಡಿ ನಕ್ಕಳು. ನಾನು ಜಿಲೇಬಿ ನುಂಗಲಾರದೆ ಕೂತಿದ್ದೆ.

ಹೀಗೆ ಎಲ್ಲ ಮುಚ್ಚಿಹೋಗಿತ್ತು. ಈ ಸಲದ ದಸರೆ ರಜೆಗೆ ಅಕ್ಷತಾ ಪಾರವ್ವಜ್ಜಿಯ ಮನೆಗೆ ಹೋದಳು. ರಜೆಯಲ್ಲೂ ಅವಳು ಸಂಜೆಯ ರೂಢಿ ಬಿಡಲಿಲ್ಲ. ಅಲ್ಲಿ ಕ್ಯಾಲೆಂಡರೂ ಬೇಡ, ಬೆಕ್ಕೂ ಬೇಡ. ಆರೂ ವಿಷಯ ಕೇಳುವ ಅಜ್ಜಿ ಸಿಕ್ಕಳು. ವಾರದ ಮೇಲೆ ಅವಳನ್ನು ಕರೆತರಲು ಹೋದೆ. ಮನೆ ಹತ್ತಿರ ಬಂದಾಗಲೇ ಕಟ್ಟೆಯ ಮೇಲಿನ ಗದ್ದಲ ಕೇಳಿತು.

“ನಾಕು ಅದಾವಬೇ ಅಜ್ಜಿ! ಪುಸ್ತಕದಾಗ ಚಿತ್ರಾನ ಐತಿ!”

“ಪುಸ್ತಕ ಛಾಪಿಸವ್ರು ತಪ್ಪು ಮಾಡಂಗಿಲ್ಲೇನು? ಮೂರ. ಪಡಸಾಲಿ, ಅಡಿಗಿಮನಿ, ದೇವರಮನಿ. ತಗೋ, ಅಣ್ಣ ಬಂದ! ಹೈಸ್ಕೂಲ್ ಕಲ್ತವ. ಕೇಳು ಅವನ್ನ.”

ಐದಾರು ಮಕ್ಕಳು, ಮೊಮ್ಮಗಳು, ತಂಗಿ ಎಲ್ಲರೂ ನನ್ನತ್ತ ತಿರುಗಿದರು. ಪಾರವ್ವನ ಮುಖದಲ್ಲಿ ಎಂಥ ಭರವಸೆ ಎಂದರೆ, ಅವಳಿಗೆ ಉತ್ತರವೇ ಬೇಕಾಗಿರಲಿಲ್ಲ. ನಾನು ಬಂದದ್ದೇ ಉತ್ತರ. ನನ್ನ ಬಾಯಿಂದ ಬಂದ ಮಾತು ಇದು: “ಅದು ಏನಾಗೈತಂದ್ರ... ಆವಾಗ ಮೂರಿದ್ವು. ಈಗ ವಿಜ್ಞಾನ ಮುಂದುವರದೈತಿ. ನಾಕಾಗ್ಯಾವ.”

“ಕೇಳಿದಿ?” ಅಂದಳು ಪಾರವ್ವ. “ನಮ್ಮ ಕಾಲದಾಗ ಮೂರ ಇದ್ವು.” ಮಕ್ಕಳು ತಲೆಯಾಡಿಸಿದರು. ಅಕ್ಷತಾ ಮಾತ್ರ ನನ್ನನ್ನೇ ನೋಡಿದಳು.

ಕತ್ತಲಾಗುವ ಮುನ್ನವೇ ಗದಗದ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು, “ಅಜ್ಜಾ, ಹೃದಯದಾಗ ಆ ನಾಕನೇ ಖೋಲಿ ಕಟ್ಟಿಸಿದ್ದು ಯಾವಾಗ್ರಿ?”

ನಕ್ಕೆ. ಅವಳು ನಗಲಿಲ್ಲ. “ನಿಮ್ಮ ಹೃದಯದಾಗ ಎಷ್ಟು ಅದಾವ, ಮೂರೋ ನಾಕೋ? ನೀವು ಹಳೇ ಕಾಲದವ್ರು.”

ಶಿರಹಟ್ಟಿ ಬರುವಷ್ಟರಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟಿದ್ದೆ. ನಾಲ್ಕರ ಬಸ್ಸು, ಹಲಗೆಯ ತಲೆಬರಹ, ಬೀಸುವ ಕಲ್ಲು. ಬೀಸುವ ಕಲ್ಲಿಗೆ ಅವಳಿಗೆ ನಗು ಬಂತು, ತಡೆದುಕೊಂಡಳು. ಕಾಂಚನಾದೇವಿಯ ಸುದ್ದಿಗೆ ಬಾಯಿ ತೆರೆದಳು. “ಕಾಂಚನಾ ಅತ್ತಿ ಹೆಸರು ಸೀರಿ ಅಂಗಡೀದೇನ್ರೀ?”

ಬಸ್ಸು ಶಿರಹಟ್ಟಿಯಲ್ಲಿ ನಿಂತಿತು. ಕಿಟಕಿಯಿಂದ ಆ ಬೀದಿಗಳನ್ನು ನೋಡಿದೆ. ಯಾವ ಮನೆಯ ಕದಕ್ಕೆ ಯಾವ ಬಣ್ಣವಿತ್ತು ಎಂದು ಈಗಲೂ ಹೇಳಬಲ್ಲೆ. ಬಿಸಿಲಿರಲಿ ಮಳೆಯಿರಲಿ, ಒಂದು ಕಾಗದವನ್ನೂ ನಾನು ತಪ್ಪು ಮನೆಗೆ ಹಾಕಿದವನಲ್ಲ, ಒಂದನ್ನೂ ಒಡೆದವನಲ್ಲ. ಊರಿಗೆಲ್ಲ ಇದ್ದದ್ದನ್ನು ಇದ್ದಂತೆ ಮುಟ್ಟಿಸಿದೆ. ಒಬ್ಬಳಿಗೆ ಮಾತ್ರ ಮೂರು ವರ್ಷ ನಾನೇ ಬರೆದು ನಾನೇ ಹಂಚಿದೆ.

“ಇಳೀರಿ ಅಜ್ಜಾ” ಅಂದಳು ಅಕ್ಷತಾ. ಚೀಲ ಆಗಲೇ ಅವಳ ಹೆಗಲಲ್ಲಿತ್ತು.

“ಯಾಕ? ಗದಗ ಇನ್ನೂ ದೂರ ಐತಿ.”

“ನಾವು ಗದಗಕ್ಕ ಹೊಂಟಿಲ್ಲ. ಆ ಕಡೆ ಬಸ್ ನಿಂತೈತಿ ನೋಡ್ರಿ, ಲಕ್ಷ್ಮೇಶ್ವರದ್ದು. ಜಲ್ದಿ ಇಳೀರಿ.”

ಮತ್ತೆ ಅದೇ ಕಟ್ಟೆ. ಮಕ್ಕಳು ಮನೆಗೆ ಹೋಗಿದ್ದರು. ಪಾರವ್ವ ಮೊರದಲ್ಲಿ ಜೋಳ ಕೇರುತ್ತಿದ್ದಳು. “ಏನರ ಮರ್ತು ಬಂದಿರೇನು?” ಅಂದಳು.

“ಹೂಂ ಪಾರವ್ವ, ಒಂದು ಮಾತು ಮರತಿದ್ದೆ” ಎಂದು ಕೂತೆ. ಉದ್ದಕ್ಕೆ ಎಳೆಯಲಿಲ್ಲ. ಇಂಥದ್ದು ಉದ್ದ ಹೇಳಿದಷ್ಟೂ ಮತ್ತೊಂದು ಸುಳ್ಳಾಗುತ್ತದೆ. ಕೊನೆಯ ಎರಡು ಪಿರಿಯಡ್ ನಾನು ಯಾವತ್ತೂ ಕೂತಿಲ್ಲ, ನಿನಗೆ ಹೇಳಿದ್ದೆಲ್ಲ ನಾನು ಕಟ್ಟಿದ್ದು, ಎಂದೆ.

ಮೊರದ ಸದ್ದು ನಿಂತಿತು.

“ಹೃದಯ?”

“ನಾಕ, ಪಾರವ್ವ. ಆವಾಗೂ ನಾಕ.”

“ಕಪ್ಪತಗುಡ್ಡದ ಗಾಳಿ?”

“ಸುಳ್ಳು.”

“ಬೀಸೂ ಕಲ್ಲು?”

“ಸುಳ್ಳು.”

“ನಮ್ಮ ಯಜಮಾನ್ರು ಎಡಮಗ್ಗಲಿಗೆ ಹೊಳ್ಳಿ ಹೊಳ್ಳಿ ಭುಜಾನ ಹಿಡ್ಕೊಂಡಿತ್ತಲ್ಲೋ ಅವರಿಗೆ!”

ಅಕ್ಷತಾ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ಪಾರವ್ವ ಎದ್ದು ಒಳಗೆ ಹೋದಳು. ಒಳಗಿನಿಂದ ಪೆಟ್ಟಿಗೆ ಎಳೆದ ಸದ್ದು. ಅವಳು ಅಳುತ್ತಿದ್ದರೆ ಏನು ಮಾಡಲಿ ಎಂದು ನಾನು ನನ್ನ ಚಪ್ಪಲಿಯನ್ನೇ ನೋಡುತ್ತ ಕೂತೆ. ಅವಳಿಗೆ ಸಿಕ್ಕ ಹೈಸ್ಕೂಲು ಅದೊಂದೇ. ಅದರ ಅರ್ಧವನ್ನು ನಾನು ಒಂದೇ ಮಾತಿನಲ್ಲಿ ಕೆಡವಿದ್ದೆ.

ಹೊರಗೆ ಬಂದಾಗ ಅವಳ ಕೈಯಲ್ಲಿ ದಬ್ಬಣದಿಂದ ಹೊಲಿದ ಆ ವಹಿ ಇತ್ತು. ಅಕ್ಷತಾಳ ಮುಂದೆ ಇಟ್ಟಳು. “ಕೆಂಪು ಪೆನ್ನು ಐತೇನವಾ? ಓದು. ಯಾವುದು ಸುಳ್ಳು ಅಂತ ನಿಮ್ಮಜ್ಜ ಹೇಳ್ತಾನ, ಅದಕ್ಕ ಗೀಟು ಹಾಕು.”

ಐವತ್ತು ವರ್ಷದ ಮೇಲೆ ನನ್ನ ವಿಜ್ಞಾನದ ಪೇಪರು ಹೀಗೆ ತಿದ್ದಲ್ಪಟ್ಟಿತು. ಗಣಿತದ ಹಾಳೆಗಳನ್ನು ಹುಡುಗಿ ತಿರುವಿ, “ಎಲ್ಲಾ ಸರಿ ಅದಾವ” ಅಂದಳು. ವಿಜ್ಞಾನ, ಸಮಾಜದ ಹಾಳೆಗಳು ಕೆಂಪಾದವು. ಹಲಗೆಯಿಂದ ತಂದ ತಲೆಬರಹಗಳು ಮಾತ್ರ ಗೀಟಿಲ್ಲದೆ ಉಳಿದವು. ಕೊನೆಗೆ ರಾಣಿ ಕಾಂಚನಾದೇವಿ ಬಂದಳು. ಹನ್ನೊಂದು ಪುಟ. ಅಂಚಿನಲ್ಲಿ ಪಾರವ್ವ ಸಣ್ಣ ಹರಿಗೋಲು ಬರೆದು ಅದರಲ್ಲಿ ದೀಪ ಬರೆದಿದ್ದಳು. ಅಕ್ಷತಾ ಪೆನ್ನು ಎತ್ತಿದಳು. ಪಾರವ್ವ ಹಾಳೆಯ ಮೇಲೆ ಅಂಗೈ ಇಟ್ಟಳು.

“ಇದಕ್ಕ ಬ್ಯಾಡ.”

“ಅದೂ ಸುಳ್ಳ ಅಲ್ಲೇನಜ್ಜಿ?”

“ಇರಲಿ. ಉಳಿದದ್ದು ಅವ ನನಗ ಮೋಸ ಮಾಡಿ ಹೇಳಿದ್ದು. ಇದನ್ನ ನಾ ಆಮ್ಯಾಲೆ ಆಮ್ಯಾಲೆ ಅಂತ ಹೇಳಿಸಿದ್ದು. ಇದರಾಗ ಅರ್ಧ ನಂದು.”

ಆಮೇಲೆ ನನ್ನತ್ತ ತಿರುಗಿದಳು. ದನಿ ಏರಲಿಲ್ಲ. “ಸುಳ್ಳು ಹೇಳಿದ್ದಕ್ಕ ಸಿಟ್ಟಿಲ್ಲಣ್ಣಾ. ಗೊತ್ತಿಲ್ಲ ಅಂದಿದ್ರ ಆಗತಿತ್ತು. ದಿನಾ ಮುಂಜಾನೆ ಹೊಳಿಗೆ ನೀರಿಗೆ ಹೋದಾಗ ನಮ್ಮ ಏಳನೆತ್ತೆ ಮಾಸ್ತರ್ರು ಸಿಗತಿದ್ರು. ಅವರನ್ನ ಕೇಳತಿದ್ದೆ. ಅವರೂ ಕೇಳತಿದ್ರು, ಏನರ ತಿಳೀಲಿಲ್ಲೇನವಾ ಅಂತ. ಎಲ್ಲಾ ಅಣ್ಣ ಹೇಳ್ಯಾನ್ರಿ ಅಂತಿದ್ದೆ.”

ನನ್ನ ಎಲ್ಲ ಸುಳ್ಳಿಗಿಂತ ದೊಡ್ಡದು ಹೇಳದೆ ಉಳಿದ ಆ ಒಂದು ಶಬ್ದ ಎಂದು ಆಗ ಗೊತ್ತಾಯಿತು. ತಪ್ಪಾತು ಪಾರವ್ವ, ಎಂದೆ. “ತಪ್ಪಾತು ಅಂದ್ರ ತಿದ್ದು” ಅಂದಳು. “ಈ ಹುಡುಗಿ ದಿನಾ ಹೇಳ್ತಾಳಲ್ಲ, ಕೇಳು. ಬರದಿಟ್ಕೋ. ಸಂಜಿಗೆ ಫೋನ್ ಹಚ್ಚು. ನಾ ರೊಟ್ಟಿ ಬಡಿಯೂ ಹೊತ್ತಿಗೆ.” ಆಮೇಲೆ ಮೂವರೂ ಅವಳು ಬಡಿದ ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆವು. ನನ್ನ ತಟ್ಟೆಗೆ ಅವಳು ಬೇಕೆಂದೇ ಒಂದು ಕರಕಲು ರೊಟ್ಟಿ ಹಾಕಿದಳು. ಕಾಂಚನಾದೇವಿಯ ಬಾಕಿ ಎಂದುಕೊಂಡು ತಿಂದೆ.

ಅಂಗಡಿಯಾಕೆಗೆ ಹೇಳಲಾಗದ ನೋಟುಬುಕ್ಕಿನ ಕಥೆ ಇದು. ಈಗ ಅಕ್ಷತಾ ಹೇಳುವಾಗ ನಾನು ಹೂಂಗುಟ್ಟುವುದಿಲ್ಲ, ಬರೆಯುತ್ತೇನೆ. ನಡುವೆ ಕೈ ಎತ್ತಿ ಪ್ರಶ್ನೆ ಕೇಳುತ್ತೇನೆ. “ಗ್ವಾಡಿನ ಬೇಶಿತ್ತು” ಎಂದು ಅವಳು ಗೊಣಗುತ್ತಾಳೆ. ಆಮೇಲೆ ಲಕ್ಷ್ಮೇಶ್ವರಕ್ಕೆ ಫೋನು. ಪಾರವ್ವನ ಫೋನು ಹಿಟ್ಟಿನ ಡಬ್ಬಿಗೆ ಒರಗಿ ನಿಂತಿರುತ್ತದೆ. ಮುಖ ಕಾಣುವುದಿಲ್ಲ, ಮೇಲಿನ ತೊಲೆ ಕಾಣುತ್ತದೆ. ಸದ್ದು ಮಾತ್ರ ಸ್ಪಷ್ಟ. ಅವಳ ಮೊದಲ ಮಾತು ಯಾವಾಗಲೂ ಒಂದೇ, “ಕೊನೀ ಎರಡು ಪಿರಿಯಡ್ ಮೊದಲ ಹೇಳು.”

ನಿನ್ನೆ ಬೆಳಕಿನ ಪಾಠ. ಆಕಾಶದ ನಕ್ಷತ್ರಗಳು ಯಾಕೆ ಮಿನುಗುತ್ತವೆ ಎಂಬುದನ್ನು ಬರೆದುಕೊಂಡಿದ್ದೆ. ನಕ್ಷತ್ರದ ಬೆಳಕು ಗಾಳಿಯ ಪದರಗಳಲ್ಲಿ ಬಾಗಿ ಬಾಗಿ ಬರುತ್ತದೆ, ಗಾಳಿ ಅಲ್ಲಾಡಿದಂತೆ ಅದೂ ಅಲ್ಲಾಡುತ್ತದೆ. ಚೆನ್ನಾಗಿ ಒಪ್ಪಿಸಿದೆ. ತಪ್, ತಪ್, ತಪ್. ಸದ್ದು ನಿಂತಿತು.

“ಅಣ್ಣಾ, ಚಂದ್ರನ ಬೆಳಕೂ ಅದ ಗಾಳ್ಯಾಗಿಂದ ಬರತೈತೆಲ್ಲ? ಮತ್ತ ಅವ ಯಾಕ ಮಿನುಗಂಗಿಲ್ಲ?”

ನೋಟುಬುಕ್ಕು ನೋಡಿದೆ. ಇಲ್ಲ. ಪುಟ ತಿರುವಿದೆ. ಇಲ್ಲ. ಅಕ್ಷತಾ ಟ್ಯೂಷನ್ನಿಗೆ ಹೋಗಿದ್ದಳು. ಅಷ್ಟರಲ್ಲಿ, ಐವತ್ತು ಚಿಲ್ಲರೆ ವರ್ಷದ ಹಳೆಯ ಗೆಳೆಯ ಬಂದು ಪಕ್ಕದಲ್ಲಿ ಕೂತ ಹಾಗೆ, ಒಂದು ಉತ್ತರ ತಾನೇ ತಯಾರಾಗಿ ನಾಲಿಗೆಯ ತುದಿಗೆ ಬಂತು. ನಕ್ಷತ್ರಗಳು ಗಾಳಿಗೆ ಇಟ್ಟ ಹಣತೆ, ಚಂದ್ರ ಗಾಜು ಹಾಕಿದ ಕಂದೀಲು... ಎಷ್ಟು ಚಂದದ ಉತ್ತರ! ಹರಿಗೋಲಿನ ದೀಪಗಳಿಗೆ ಸಮ ಬರುವಂಥದು. ಬಾಯಿ ತೆರೆದೂ ಬಿಟ್ಟೆ.

“ಗೊತ್ತಿಲ್ಲ, ಪಾರವ್ವ” ಅಂದೆ.

ಫೋನಿನಲ್ಲಿ ತೊಲೆ ಮಾತ್ರ ಕಾಣುತ್ತಿತ್ತು.

“ಆತು” ಅಂದಳು. “ನಾಳಿ ಕೇಳ್ಕೊಂಡು ಬಾ.”

ಮತ್ತೆ ರೊಟ್ಟಿ ಬಡಿಯತೊಡಗಿದಳು. ತಪ್, ತಪ್, ತಪ್.